ಒಬ್ಬ ಮನುಷ್ಯ ಕಟ್ಟಿದ ತಳಿ: ಚೆಸ್ಕಿ ಟೆರಿಯರ್ ಎಂಬ ಗಿಡ್ಡ ನಾಯಿಯ ವೃತ್ತಾಂತ

(ಶ್ವಾನಪ್ರಿಯರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ನಾಯಿಯ ತಳಿಗಳ ಬಗ್ಗೆ ಮಾತು ಬಂದಾಗ ನಮಗೆ ಸಾಮಾನ್ಯವಾಗಿ ಕೇಳಸಿಗುವುದು ಸ್ಥಳಪುರಾಣದ ಧಾಟಿಯ ಕಥೆಗಳು. ಈ ತಳಿ ಸಾವಿರಾರು ವರ್ಷ ಹಳೆಯದು, ಆ ತಳಿ ಯಾವುದೋ ಅರಸನ ಅಂತಃಪುರದಲ್ಲಿತ್ತು, ಇನ್ನೊಂದು ಮುಳುಗಿದ ಹಡಗಿನಿಂದ ಈಜಿ ದಡ ಸೇರಿತು ಎಂದು ತಳಿಯ ಅಭಿಮಾನಿಗಳು ಭಕ್ತಿಯಿಂದ ಹೇಳುತ್ತಾರೆ, ನಾವೂ ಅಷ್ಟೇ ಭಕ್ತಿಯಿಂದ ಕೇಳುತ್ತೇವೆ. ಇಂದು ನಾನು ಪರಿಚಯಿಸಲು ಬಯಸುವ ನಾಯಿಗೆ ಇಂಥ ಪುರಾಣ ಯಾವುದೂ ಇಲ್ಲ. ಅದು ಯಾವ ವರ್ಷ ಹುಟ್ಟಿತು, ಯಾವ ದೇಶದಲ್ಲಿ ಹುಟ್ಟಿತು, ಅದರ ಮೂಲ ತಾಯಿ ತಂದೆಯ ಹೆಸರೇನು, ಅದನ್ನು ರೂಪಿಸಿದವರು ಯಾರು, ಏಕೆ ರೂಪಿಸಿದರು ಎಂಬುದೆಲ್ಲ ದಾಖಲೆಯಲ್ಲಿದೆ. ಅದರ ಹೆಸರು ಚೆಸ್ಕಿ ಟೆರಿಯರ್. ಹುಟ್ಟಿದ್ದು ಅಂದಿನ ಚೆಕೊಸ್ಲೊವಾಕಿಯಾದಲ್ಲಿ, 1949ರಲ್ಲಿ. ರೂಪಿಸಿದವರು ಫ್ರಾಂಟಿಶೆಕ್ ಹೊರಾಕ್.

ನೆಲದಿಂದ ಒಂದು ಅಡಿಯಷ್ಟೂ ಎತ್ತರವಿಲ್ಲದ, ಗಡ್ಡ ಬಿಟ್ಟುಕೊಂಡ, ಹುಟ್ಟುವಾಗ ಕಪ್ಪಗಿದ್ದು ಬೆಳೆಯುತ್ತ ಬೂದುಬಣ್ಣಕ್ಕೆ ತಿರುಗುವ ಈ ನಾಯಿಯನ್ನು ನೋಡಿದವರಿಗೆ ಮೊದಲು ನಗು ಬರುವುದು ಸಹಜ. ನನಗೂ ಈ ನಾಯಿಯ ಮೇಲಿನ ಪ್ರೀತಿ ಆರಂಭವಾದದ್ದು ನಗುವಿನಿಂದಲೇ. ಆದರೆ ಅದರ ಮೈಯ ಒಂದೊಂದು ಅಳತೆಯ ಹಿಂದೆಯೂ ಒಬ್ಬ ಮನುಷ್ಯ ಬಹಳ ಕಾಲ ಯೋಚಿಸಿ ಕೈಗೊಂಡ ನಿರ್ಧಾರವಿದೆ. ತಳಿ ಎಂದರೆ ಆಕಾಶದಿಂದ ಇಳಿದು ಬಂದ ಶುದ್ಧ ವಸ್ತುವಲ್ಲ, ಮನುಷ್ಯರು ಒಂದು ಉದ್ದೇಶಕ್ಕಾಗಿ ಬೆರೆಸಿ, ಆರಿಸಿ, ತಿದ್ದಿ ಮಾಡಿಕೊಂಡದ್ದು ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಗೊತ್ತಿಲ್ಲ.

ಟೆರಿಯರ್ ಜಾತಿಯ ನಾಯಿಗಳ ಮೂಲ ಕಸುಬು ಬಿಲಕ್ಕೆ ಇಳಿಯುವುದು. ಇಂಗ್ಲೆಂಡಿನ ವೈದ್ಯ ಜಾನ್ ಕೀಸ್ 1570ರಲ್ಲಿ ಲ್ಯಾಟಿನ್ನಿನಲ್ಲಿ ಪ್ರಕಟಿಸಿದ ಬ್ರಿಟನ್ನಿನ ನಾಯಿಗಳ ವಿವರಣೆಯಲ್ಲೇ, ನೆಲದೊಳಗೆ ನುಗ್ಗಿ ನರಿಯನ್ನೂ ಬ್ಯಾಜರನ್ನೂ ಹೊರಡಿಸುವ ನಾಯಿಗಳ ಪ್ರಸ್ತಾಪವಿದೆ. ಬ್ಯಾಜರ್ ಎಂದರೆ ನಮ್ಮ ಕಾವೇರಿ ಕಣಿವೆಯ ಕಾಡುಗಳಲ್ಲೂ ಇರುವ ತರಕರಡಿಯ ದೂರದ ಸಂಬಂಧಿ. ಗಿಡ್ಡ ಕಾಲು, ಬಲವಾದ ಉಗುರು, ಸುಲಭವಾಗಿ ಬಗ್ಗದ ಸ್ವಭಾವ ಅದಕ್ಕೂ ಇವೆ.

ಬಿಲದೊಳಗಿನ ಕೆಲಸ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡದಿದ್ದರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಬೇಟೆಗಾರ ನೆಲದ ಮೇಲೆ ನಿಂತಿರುತ್ತಾನೆ. ನಾಯಿ ಒಬ್ಬಂಟಿಯಾಗಿ ಕತ್ತಲೆಯೊಳಗೆ ತೆವಳಿಕೊಂಡು ಹೋಗುತ್ತದೆ. ಸುರಂಗ ಒಂದು ಕಡೆ ಅಗಲವಾಗಿರುತ್ತದೆ, ಇನ್ನೊಂದು ಕಡೆ ಬೇರು ಅಡ್ಡ ಬಂದಿರುತ್ತದೆ, ಮತ್ತೊಂದು ಕಡೆ ಮಣ್ಣು ಕುಸಿದಿರುತ್ತದೆ. ಅಲ್ಲಿ ನಾಯಿ ಮುಂಗಾಲಿನಿಂದ ಮಣ್ಣು ಕೆದರಿ ಹೊಟ್ಟೆಯ ಕೆಳಗೆ ತಳ್ಳಿ, ಹಿಂಗಾಲಿನಿಂದ ಅದನ್ನು ಹಿಂದಕ್ಕೆ ಒದೆದು, ದಾರಿ ಮಾಡಿಕೊಳ್ಳಬೇಕು. ಅಷ್ಟು ಮಾಡಿ ಕೊನೆಗೆ ನರಿಯ ಎದುರು ತಲುಪಿದಾಗ ಅದು ನರಿಯನ್ನು ಕೊಲ್ಲಬೇಕಾಗಿಲ್ಲ. ಅಲ್ಲೇ ನಿಂತು ಬಿಡದೆ ಬೊಗಳಿದರೆ ಸಾಕು. ನರಿ ಬೇಸತ್ತು ಇನ್ನೊಂದು ಬಾಯಿಯಿಂದ ಹೊರಗೆ ಹಾರಬಹುದು, ಇಲ್ಲವೇ ಮೇಲೆ ನಿಂತವರು ಬೊಗಳುವ ಸದ್ದನ್ನು ನೆಲಕ್ಕೆ ಕಿವಿಯಿಟ್ಟು ಕೇಳಿ, ಸರಿಯಾದ ಜಾಗದಲ್ಲಿ ಅಗೆಯಬಹುದು. ಮನೆಯಲ್ಲಿ ಟೆರಿಯರ್ ಸಾಕಿದವರು ಅದರ ಬೊಗಳುವಿಕೆಯ ಬಗ್ಗೆ, ಹೂವಿನ ಪಾತಿ ಅಗೆಯುವುದರ ಬಗ್ಗೆ, ಕರೆದರೆ ಬಾರದ ಹಟದ ಬಗ್ಗೆ ದೂರುವಾಗ ನಾನು ಇದನ್ನೇ ನೆನಪಿಸುತ್ತೇನೆ. ಈ ಮೂರೂ ಅದರ ದುರ್ಗುಣಗಳಲ್ಲ, ಅದರ ವಿದ್ಯಾರ್ಹತೆ. ಯಜಮಾನನ ಕಣ್ಣಿಗೆ ಕಾಣದ ಜಾಗದಲ್ಲಿ, ಯಜಮಾನನ ಅಪ್ಪಣೆ ಕೇಳಿಸದ ಜಾಗದಲ್ಲಿ, ಸ್ವಂತ ಬುದ್ಧಿಯಿಂದ ಕೆಲಸ ಮಾಡಲೆಂದೇ ಅದನ್ನು ತಲೆಮಾರುಗಳ ಕಾಲ ಆರಿಸಿಕೊಂಡು ಬರಲಾಗಿದೆ.

ಇಂಥ ಕೆಲಸಕ್ಕೆ ನಾಯಿಯ ಎದೆಯ ಸುತ್ತಳತೆ ಎಲ್ಲಕ್ಕಿಂತ ಮುಖ್ಯ. ಕಾಲು ಸ್ವಲ್ಪ ಉದ್ದವಿದ್ದರೂ ನಾಯಿ ಮಡಚಿಕೊಂಡು ತೆವಳೀತು. ಎದೆಗೂಡು ಮಡಚುವುದಿಲ್ಲ. ಅಗಲ ಎದೆಯ ನಾಯಿ ಸುರಂಗದಲ್ಲಿ ಸಿಕ್ಕಿಕೊಂಡರೆ ಹಿಂದಕ್ಕೂ ಬಾರದೆ ಮುಂದಕ್ಕೂ ಹೋಗದೆ ಅಲ್ಲೇ ಉಳಿಯುತ್ತದೆ. ಆದ್ದರಿಂದಲೇ ಬ್ರಿಟನ್ನಿನ ಕೆಲಸದ ಟೆರಿಯರ್‌ಗಳನ್ನು ಆರಿಸುವವರು ಇಂದಿಗೂ ನಾಯಿಯ ಮುಂಗಾಲುಗಳ ಹಿಂದೆ ಎರಡೂ ಕೈಗಳನ್ನು ಸುತ್ತಿ, ಬೆರಳುಗಳು ಒಂದನ್ನೊಂದು ಮುಟ್ಟುತ್ತವೆಯೇ ಎಂದು ನೋಡುತ್ತಾರೆ. ಪಾರ್ಸನ್ ರಸೆಲ್ ಟೆರಿಯರ್ ತಳಿಯಲ್ಲಿ ಪ್ರದರ್ಶನದ ತೀರ್ಪುಗಾರರೇ ಹೀಗೆ ಕೈಯಲ್ಲಿ ಅಳೆದು ನೋಡುವ ಪದ್ಧತಿಯಿದೆ. ನನ್ನ ಮಟ್ಟಿಗೆ ಇದು ಬಹಳ ಗೌರವದ ಪರೀಕ್ಷೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಿಟನ್ನಿನಲ್ಲಿ ನಾಯಿಗಳ ಪ್ರದರ್ಶನಗಳು ಆರಂಭವಾದವು. ಮೊದಲನೆಯದು 1859ರಲ್ಲಿ ನ್ಯೂಕಾಸಲ್‌ನಲ್ಲಿ ನಡೆಯಿತು. 1873ರಲ್ಲಿ ನಾಯಿತಳಿಗಳ ನೋಂದಣಿ ನಡೆಸುವ ಕೆನಲ್ ಕ್ಲಬ್ ಸ್ಥಾಪನೆಯಾಯಿತು. ಪ್ರದರ್ಶನ ಬಂದ ಮೇಲೆ ಪ್ರತಿ ತಳಿಗೂ ಲಿಖಿತ ಲಕ್ಷಣಪತ್ರ ಬೇಕಾಯಿತು, ಅದು ಬಂದ ಮೇಲೆ ಅದರ ಒಂದೊಂದು ಪದದ ಮೇಲೂ ಜಗಳ ಬಂತು. ನಾರ್ವಿಚ್ ಟೆರಿಯರ್ ಎಂಬ ಪುಟ್ಟ ತಳಿಯಲ್ಲಿ ಕೆಲವು ನಾಯಿಗಳ ಕಿವಿ ನೆಟ್ಟಗೆ ನಿಲ್ಲುತ್ತಿತ್ತು, ಕೆಲವುಗಳ ಕಿವಿ ಜೋಲುತ್ತಿತ್ತು. ಇಷ್ಟೇ ಕಾರಣಕ್ಕೆ ಬ್ರಿಟನ್ನಿನಲ್ಲಿ 1964ರಲ್ಲಿ ಆ ತಳಿ ಎರಡು ಪಾಲಾಯಿತು. ನೆಟ್ಟಗಿನ ಕಿವಿಯವರು ನಾರ್ವಿಚ್ ಆಗಿ ಉಳಿದರು, ಜೋಲುಕಿವಿಯವರು ನಾರ್ಫಕ್ ಎಂಬ ಹೊಸ ಹೆಸರು ಪಡೆದರು. ನಮ್ಮ ಕಡೆ ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಳ್ಳುವಷ್ಟೇ ಗಾಂಭೀರ್ಯದಿಂದ ಈ ವಿಭಜನೆ ನಡೆಯಿತು.

ಚೆಸ್ಕಿ ಟೆರಿಯರ್‌ನ ಒಂದು ಪಾಲು ರಕ್ತ ಬಂದದ್ದು ಸ್ಕಾಟಿಷ್ ಟೆರಿಯರ್‌ನಿಂದ. ದೊಡ್ಡ ತಲೆ, ನೆಟ್ಟಗಿನ ಕಿವಿ, ಒರಟು ಕೂದಲು, ಸಾಮಾನ್ಯವಾಗಿ ಕಪ್ಪು ಬಣ್ಣ, ಗಂಭೀರ ಮುಖ. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಜೊತೆ ಎಲ್ಲ ಕಡೆ ಹೋಗುತ್ತಿದ್ದ ಫಾಲಾ ಈ ತಳಿಯದ್ದು. ವಾಷಿಂಗ್ಟನ್ನಿನ ರೂಸ್‌ವೆಲ್ಟ್ ಸ್ಮಾರಕದಲ್ಲಿ ಅಧ್ಯಕ್ಷರ ಪ್ರತಿಮೆಯ ಬಳಿ ಫಾಲಾನ ಪ್ರತಿಮೆಯೂ ಕುಳಿತಿದೆ. ಸ್ಕಾಟಿಷ್ ಟೆರಿಯರ್ ಧೈರ್ಯಕ್ಕೆ ಹೆಸರಾದ ನಾಯಿ. ಆದರೆ ಪ್ರದರ್ಶನದ ಕಣ ಅದರ ಎದೆಯನ್ನು ಅಗಲ ಮಾಡಿತು, ತಲೆಯನ್ನು ಭಾರ ಮಾಡಿತು. ಇನ್ನೊಂದು ನಾಯಿಯನ್ನು ಕಂಡರೆ ಅದಕ್ಕೆ ಆಗಿಬರುವುದೂ ಕಡಿಮೆ.

ಇನ್ನೊಂದು ಪಾಲು ಸೀಲಿಹ್ಯಾಮ್ ಟೆರಿಯರ್‌ನದು. ಇದು ವೇಲ್ಸ್‌ನ ಪೆಂಬ್ರೋಕ್‌ಷೈರ್ ಪ್ರಾಂತ್ಯದ ಬಿಳಿ ನಾಯಿ. ಹ್ಯಾವರ್‌ಫರ್ಡ್‌ವೆಸ್ಟ್ ಪಟ್ಟಣದ ಸಮೀಪದ ಸೀಲಿಹ್ಯಾಮ್ ಎಂಬ ಎಸ್ಟೇಟಿನ ಕ್ಯಾಪ್ಟನ್ ಜಾನ್ ಎಡ್ವರ್ಡ್ಸ್ ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಆರಂಭಿಸಿ, 1891ರಲ್ಲಿ ತೀರಿಕೊಳ್ಳುವವರೆಗೂ ಇದನ್ನು ಬೆಳೆಸಿದರು. ಅವರಿಗೆ ಬೇಕಾಗಿದ್ದದ್ದು ಬ್ಯಾಜರ್ ಮತ್ತು ನೀರುನಾಯಿಯ ಬೇಟೆಗೆ ಒದಗುವ ಗಿಡ್ಡ, ಬಿಳಿ, ಹೆದರದ ನಾಯಿ. ಏನೇನು ಬೆರೆಸಿದರು ಎಂಬುದನ್ನು ಅವರು ಬರೆದಿಡಲಿಲ್ಲ. ಡ್ಯಾಂಡಿ ಡಿನ್‌ಮಾಂಟ್, ಕೋರ್ಗಿ, ಫಾಕ್ಸ್ ಟೆರಿಯರ್ ಎಂದು ನಂತರದವರು ಪಟ್ಟಿ ಮಾಡಿದ್ದೆಲ್ಲ ಊಹೆ. ಒಂದು ಇಡೀ ತಳಿಯನ್ನು ಸೃಷ್ಟಿಸಿ ಒಂದು ಸಾಲನ್ನೂ ಬರೆದಿಡದೆ ಹೋದ ಆ ಕ್ಯಾಪ್ಟನ್ನನ ಬಗ್ಗೆ ನನಗೆ ಮೆಚ್ಚುಗೆಯಿದ್ದರೂ, ಆ ಮೌನದಿಂದ ನಮಗಾದ ನಷ್ಟ ದೊಡ್ಡದು ಎಂದೇ ಹೇಳಬೇಕು. ಸೀಲಿಹ್ಯಾಮ್ 1903ರಲ್ಲಿ ಹ್ಯಾವರ್‌ಫರ್ಡ್‌ವೆಸ್ಟ್‌ನ ಪ್ರದರ್ಶನಕ್ಕೆ ಬಂತು, ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಹಾಲಿವುಡ್ಡಿನ ತಾರೆಯರ ಮಡಿಲೇರಿತು. ಚಿತ್ರನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಅವರೂ ಸೀಲಿಹ್ಯಾಮ್‌ಗಳನ್ನು ಸಾಕಿದ್ದರು. ಈ ಕೀರ್ತಿಯ ಜೊತೆಗೆ ಅದರ ಮೈಯೂ ತುಂಬಿಕೊಂಡಿತು. ಸ್ವಭಾವ ಮಾತ್ರ ಸ್ಕಾಟಿಷ್ ಟೆರಿಯರ್‌ಗಿಂತ ಸೌಮ್ಯವಾಗಿಯೇ ಉಳಿಯಿತು. ಅದರ ಕಿವಿ ಜೋಲುಕಿವಿ ಎಂಬುದನ್ನೂ ಇಲ್ಲಿ ನೆನಪಿಟ್ಟುಕೊಳ್ಳಬೇಕು.

ಈಗ ಹೊರಾಕ್ ಅವರ ಬಳಿಗೆ ಬರೋಣ. 1909ರಲ್ಲಿ ಹುಟ್ಟಿದ ಅವರು ಬೇಟೆಗಾರರೂ ಹೌದು, ತಳಿವಿಜ್ಞಾನದಲ್ಲಿ ಆಸಕ್ತಿಯಿದ್ದವರೂ ಹೌದು. ಪ್ರಾಗ್ ನಗರದ ಸಮೀಪದ ಕ್ಲಾನೊವಿತ್ಸೆಯಲ್ಲಿ ಅವರ ಮನೆ. 1930ರ ದಶಕದ ಆರಂಭದಿಂದಲೇ ಅವರು ಸ್ಕಾಟಿಷ್ ಟೆರಿಯರ್‌ಗಳನ್ನು ಬೆಳೆಸುತ್ತಿದ್ದರು. ಅವರ ನಾಯಿಮನೆಗೆ 'ಲೋವು ಜ್ದಾರ್' ಎಂದು ಹೆಸರು. ಅಲ್ಲಿ ಹುಟ್ಟಿದ ಪ್ರತಿ ನಾಯಿಯ ಹೆಸರಿನ ಹಿಂದೆಯೂ ಈ ಹೆಸರು ಮನೆತನದ ಹೆಸರಿನಂತೆ ಬರುತ್ತದೆ. ತಮ್ಮ ನಾಯಿಗಳನ್ನು ಬಿಲಕ್ಕೆ ಇಳಿಸಿ ನೋಡಿದ ಅನುಭವದಿಂದ ಹೊರಾಕ್ ಅವರಿಗೆ ಎರಡು ವಿಷಯ ಮನದಟ್ಟಾಗಿತ್ತು. ಸ್ಕಾಟಿಷ್ ಟೆರಿಯರ್‌ನ ಎದೆ ಮಧ್ಯ ಯುರೋಪಿನ ನರಿಬಿಲಗಳಿಗೆ ಅಗಲವಾಯಿತು. ಅದರ ಸಿಡುಕು ಗುಂಪಿನಲ್ಲಿ ಕೆಲಸ ಮಾಡುವ ನಾಯಿಗೆ ಹೆಚ್ಚಾಯಿತು. ಸೀಲಿಹ್ಯಾಮ್‌ನ ಸೌಮ್ಯತೆಯನ್ನು ಇದಕ್ಕೆ ಬೆರೆಸಿ, ಎದೆಯನ್ನು ಕಿರಿದು ಮಾಡಿ, ಕಿವಿಯನ್ನು ಜೋಲಿಸಿ, ಕೂದಲನ್ನು ಸುಲಭಗೊಳಿಸಿದರೆ ಹೇಗೆ ಎಂಬುದು ಅವರ ಯೋಚನೆ. ನಾಯಿ ಹುಟ್ಟುವ ಮೊದಲೇ ಅದರ ರೂಪುರೇಷೆ ಸಿದ್ಧವಾಗಿತ್ತು.

ಅವರು ಈ ಕೆಲಸಕ್ಕೆ ಕೈಹಾಕಿದ ಕಾಲ ಎಂಥದ್ದು ಎಂಬುದನ್ನು ಗಮನಿಸಬೇಕು. ಅನುವಂಶೀಯತೆಯ ನಿಯಮಗಳನ್ನು ಜಗತ್ತಿಗೆ ಮೊದಲು ಹೇಳಿದ ಗ್ರೆಗರ್ ಮೆಂಡೆಲ್ ಬಟಾಣಿ ಗಿಡಗಳನ್ನು ಬೆಳೆಸಿದ್ದು ಇದೇ ನಾಡಿನ ಬ್ರನೊ ಪಟ್ಟಣದ ಮಠದಲ್ಲಿ. 1865ರಲ್ಲಿ ಅವರು ತಮ್ಮ ಶೋಧವನ್ನು ಸಭೆಯ ಮುಂದೆ ಓದಿದ್ದೂ ಅಲ್ಲಿಯೇ. 1948ರ ಫೆಬ್ರುವರಿಯಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಮಾಸ್ಕೋದಲ್ಲಿ ನಡೆದ ಕೃಷಿ ಅಕಾಡೆಮಿಯ ಅಧಿವೇಶನದಲ್ಲಿ ಸೋವಿಯತ್ ಕೃಷಿವಿಜ್ಞಾನಿ ಟ್ರೊಫಿಮ್ ಲೈಸೆಂಕೊ ಮೆಂಡೆಲ್‌ನ ವಿಜ್ಞಾನವನ್ನೇ ತಿರಸ್ಕರಿಸಿದರು, ಆ ತಿರಸ್ಕಾರ ಸೋವಿಯತ್ ಪ್ರಭಾವದ ದೇಶಗಳಿಗೆಲ್ಲ ಅಧಿಕೃತ ನೀತಿಯಾಯಿತು. 1950ರಲ್ಲಿ ಬ್ರನೊದ ಚೌಕದಲ್ಲಿದ್ದ ಮೆಂಡೆಲ್‌ನ ಅಮೃತಶಿಲೆಯ ಪ್ರತಿಮೆಯನ್ನು ಅಲ್ಲಿಂದ ತೆಗೆದು ಮಠದ ಅಂಗಳಕ್ಕೆ ಸಾಗಿಸಲಾಯಿತು. ಮೆಂಡೆಲ್‌ನ ಹೆಸರು ಸ್ವಂತ ನಾಡಿನಲ್ಲೇ ಬೇಡವಾದ ಆ ವರ್ಷಗಳಲ್ಲಿ, ಪ್ರಾಗ್‌ನ ಹೊರವಲಯದಲ್ಲಿ ಮೆಂಡೆಲ್‌ನ ಲೆಕ್ಕಾಚಾರಗಳೆಲ್ಲ ಒಂದು ನಾಯಿಮನೆಯಲ್ಲಿ ಜೀವಂತವಾಗಿ, ಬಾಲ ಅಲ್ಲಾಡಿಸುತ್ತ ಓಡಾಡುತ್ತಿದ್ದವು ಎಂಬುದು ನನ್ನನ್ನು ಬಹಳ ಸಂತೋಷಪಡಿಸುವ ಸಂಗತಿ.

1949ರಲ್ಲಿ ಹೊರಾಕ್ ತಮ್ಮ ಸ್ಕಾಟಿಷ್ ಹೆಣ್ಣು ದೊಂಕಾ ಲೋವು ಜ್ದಾರ್‌ಗೆ ಬುಗಾನಿಯರ್ ಉರ್ಕ್ವೆಲ್ ಎಂಬ ಸೀಲಿಹ್ಯಾಮ್ ಗಂಡನ್ನು ಕೂಡಿಸಿದರು. ಆ ಸೂಲಿನಲ್ಲಿ ಉಳಿದದ್ದು ಒಂದೇ ಗಂಡು ಮರಿ. ಹೊಸ ಸೃಷ್ಟಿಯ ಮೊದಲ ಜೀವಕ್ಕೆ ಸಹಜವಾಗಿಯೇ ಆಡಂ ಎಂದು ಹೆಸರಿಟ್ಟರು. ಆಡಂ ಬೆಳೆದ, ಬೇಟೆಗೂ ಹೋದ. ಒಂದು ಬೇಟೆಯಲ್ಲಿ ಗುರಿ ತಪ್ಪಿದ ಬಂದೂಕಿನ ಗುಂಡು ತಗುಲಿ ಸತ್ತುಹೋದ. ಒಂದು ಇಡೀ ತಳಿಯ ಯೋಜನೆ ಒಂದು ನಾಯಿಯ ಮೇಲೆ ನಿಂತಿದ್ದಾಗ ಆ ನಾಯಿಯೇ ಹೋದರೆ ಯಾರಾದರೂ ಕೈಬಿಡುತ್ತಿದ್ದರು. ಹೊರಾಕ್ ಬಿಡಲಿಲ್ಲ. ಮತ್ತೆ ಅದೇ ಬಗೆಯ ಕೂಡಿಕೆ ಮಾಡಿಸಿದರು, ಈ ಸಲ ಆರು ಮರಿಗಳು ಹುಟ್ಟಿದವು. ಇಂದಿನ ತಳಿ ಮುಂದುವರಿದದ್ದು ಅಲ್ಲಿಂದ.

ಎರಡು ತಳಿಗಳನ್ನು ಬೆರೆಸುವುದು ಸುಲಭ. ಬೆರೆತದ್ದನ್ನು ಒಂದು ತಳಿಯಾಗಿ ನಿಲ್ಲಿಸುವುದು ಕಷ್ಟ. ಇಂದು ಪೇಟೆಗಳಲ್ಲಿ ಎರಡು ತಳಿಗಳ ಹೆಸರನ್ನು ಜೋಡಿಸಿ, ಹೊಸ ತಳಿ ಎಂದು ದುಬಾರಿ ಬೆಲೆಗೆ ಮರಿ ಮಾರುವವರಿದ್ದಾರೆ, ಆದ್ದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಮೊದಲ ತಲೆಮಾರಿನ ಮಿಶ್ರ ಮರಿಗಳು ಹೆಚ್ಚುಕಡಿಮೆ ಒಂದೇ ರೀತಿ ಇರುತ್ತವೆ. ಅವುಗಳನ್ನೇ ಪರಸ್ಪರ ಕೂಡಿಸಿದಾಗ ಎರಡನೆಯ ತಲೆಮಾರಿನಲ್ಲಿ ಅಜ್ಜಅಜ್ಜಿಯರ ಗುಣಗಳೆಲ್ಲ ಬೇರೆಬೇರೆಯಾಗಿ ಹೊರಬೀಳುತ್ತವೆ. ಒಂದು ಮರಿಗೆ ಕಿವಿ ನೆಟ್ಟಗೆ, ಇನ್ನೊಂದಕ್ಕೆ ಜೋಲು. ಒಂದರ ಕೂದಲು ಒರಟು, ಇನ್ನೊಂದರದು ಮೃದು. ಬೇಕಾದ ಕಿವಿಯಿರುವ ಮರಿಗೆ ಬೇಡವಾದ ಎದೆ, ಬೇಕಾದ ಎದೆಯಿರುವ ಮರಿಗೆ ಬೇಡವಾದ ಸಿಡುಕು. ಇವುಗಳಲ್ಲಿ ಆರಿಸಿ, ಆರಿಸಿದ್ದನ್ನು ಬರೆದಿಟ್ಟು, ಮತ್ತೆ ಆರಿಸಿ, ಹುಟ್ಟುವ ಪ್ರತಿ ಮರಿಯೂ ತಾಯಿತಂದೆಯನ್ನು ಹೋಲುವಷ್ಟು ಸ್ಥಿರತೆ ಬರುವವರೆಗೆ ಕಾಯಬೇಕು. ಹೊರಾಕ್ ಕಾದರು. ಬೆಲ್ಜಿಯಮ್ಮಿನಲ್ಲಿ ಕೇಂದ್ರವಿರುವ ಎಫ್‌ಸಿಐ ಎಂಬ ಅಂತರರಾಷ್ಟ್ರೀಯ ಶ್ವಾನ ಒಕ್ಕೂಟ 1963ರಲ್ಲಿ ಚೆಸ್ಕಿ ಟೆರಿಯರ್‌ಗೆ ಮಾನ್ಯತೆ ನೀಡಿತು. ಮೊದಲ ಕೂಡಿಕೆಯಿಂದ ಮಾನ್ಯತೆಯವರೆಗೆ ಹದಿನಾಲ್ಕು ವರ್ಷ. ಅಮೆರಿಕನ್ ಕೆನಲ್ ಕ್ಲಬ್ಬಿನ ಪೂರ್ಣ ಮಾನ್ಯತೆ ಬಂದದ್ದು 2011ರಲ್ಲಿ.

ಈ ತಳಿಯ ಅಂತರರಾಷ್ಟ್ರೀಯ ಲಕ್ಷಣಪತ್ರ ನನ್ನ ಮೆಚ್ಚಿನ ಓದುಗಳಲ್ಲೊಂದು. ಅದರ ಭಾಷೆ ಸರ್ಕಾರಿ ಕಡತದಷ್ಟೇ ಗಂಭೀರ, ಆದರೆ ಓದುತ್ತ ಹೋದಂತೆ ಕಣ್ಣ ಮುಂದೆ ಒಂದು ಮುದ್ದಾದ ಪ್ರಾಣಿ ನಿಲ್ಲುತ್ತದೆ. ಎತ್ತರ 25ರಿಂದ 32 ಸೆಂಟಿಮೀಟರ್. ಗಂಡಿಗೆ 29, ಹೆಣ್ಣಿಗೆ 27 ಇದ್ದರೆ ಉತ್ತಮ. ತೂಕ 6 ಕಿಲೋಗಿಂತ ಕಡಿಮೆಯಿರಬಾರದು, 10 ಕಿಲೋ ಮೀರಬಾರದು. ಆದರ್ಶ ಗಂಡಿನ ಎದೆಯ ಸುತ್ತಳತೆ 45 ಸೆಂಟಿಮೀಟರ್, ಮೈಯ ಉದ್ದ 43. ಅಂದರೆ ಎತ್ತರಕ್ಕಿಂತ ಉದ್ದ ಬಹಳ ಹೆಚ್ಚು. ಬಾಲ 18ರಿಂದ 20 ಸೆಂಟಿಮೀಟರ್, ಬುಡದಲ್ಲಿ ಗಟ್ಟಿ. ಸೊಂಟದ ಭಾಗ ಸ್ವಲ್ಪ ಕಮಾನಿನಂತೆ ಏರಿರುವುದರಿಂದ ಈ ನಾಯಿ ನಿಂತಾಗ ಹಿಂಭಾಗ ಮುಂಭಾಗಕ್ಕಿಂತ ಒಂದಿಷ್ಟು ಎತ್ತರ ಕಾಣುತ್ತದೆ. ಮೇಲಿನಿಂದ ಮಡಚಿ ಕೆನ್ನೆಗೆ ಅಂಟಿಕೊಂಡಂತೆ ಬೀಳುವ ತ್ರಿಕೋನಾಕಾರದ ಕಿವಿ ಕಿವಿಯ ತೂತನ್ನು ಪೂರ್ತಿ ಮುಚ್ಚುತ್ತದೆ. ಮಣ್ಣಿನೊಳಗೆ ನುಗ್ಗುವ ನಾಯಿಗೆ ಇದೊಂದು ಅನುಕೂಲ.

ನಡಿಗೆಯ ಬಗ್ಗೆ ಬರುವ ಸಾಲುಗಳನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಚೆಸ್ಕಿ ಟೆರಿಯರ್‌ನ ನಾಗಾಲೋಟ ತುಸು ನಿಧಾನವಾದದ್ದು, ಆದರೆ ಬಹಳ ಹೊತ್ತು ಬಾಳುವಂಥದ್ದು ಎಂಬ ಅರ್ಥದ ಮಾತು ಅಲ್ಲಿದೆ. ತನ್ನ ತಳಿ ನಿಧಾನ ಎಂದು ಅಧಿಕೃತ ದಾಖಲೆಯಲ್ಲಿ ಒಪ್ಪಿಕೊಳ್ಳುವ ಈ ಪ್ರಾಮಾಣಿಕತೆ ಅಪರೂಪ. ಇಷ್ಟು ಗಿಡ್ಡ ಕಾಲಿನ ನಾಯಿ ವೇಗದ ಪಂದ್ಯಕ್ಕೆ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ದಿನವಿಡೀ ಬೇಟೆಗಾರನ ಜೊತೆ ಕಾಡಿನಲ್ಲಿ ಸುತ್ತಿ, ಸಂಜೆ ಬಿಲ ಸಿಕ್ಕಾಗ ಇನ್ನೂ ಉಸಿರು ಉಳಿಸಿಕೊಂಡಿರುವ ನಾಯಿ ಅದನ್ನು ರೂಪಿಸಿದವರಿಗೆ ಬೇಕಾಗಿತ್ತು. ಆ ಉದ್ದೇಶ ತಿಳಿದ ಮೇಲೆ ಅದರ ತೂಗಾಡುವ ಓಟ ನೋಡಿದಾಗ ಬರುವ ನಗುವಿನಲ್ಲಿ ಗೌರವವೂ ಸೇರಿಕೊಳ್ಳುತ್ತದೆ.

ಕೂದಲಿನ ವಿಷಯಕ್ಕೆ ಸ್ವಲ್ಪ ಸಮಯ ಕೊಡಬೇಕು, ಏಕೆಂದರೆ ಹೊರಾಕ್ ಅವರ ವಿವೇಕ ಇಲ್ಲಿ ಎದ್ದು ಕಾಣುತ್ತದೆ. ಹೆಚ್ಚಿನ ಟೆರಿಯರ್‌ಗಳ ಒರಟು ಕೂದಲನ್ನು ಕತ್ತರಿಸುವಂತಿಲ್ಲ. ಸತ್ತ ಕೂದಲನ್ನು ಬೆರಳಿನಿಂದಲೋ ಸಣ್ಣ ಚೂರಿಯಂಥ ಉಪಕರಣದಿಂದಲೋ ಎಳೆ ಎಳೆಯಾಗಿ ಕೀಳಬೇಕು. ಕತ್ತರಿ ಹಾಕಿದರೆ ಕೂದಲಿನ ಒರಟುತನವೂ ಬಣ್ಣದ ಗಾಢತೆಯೂ ಹೋಗುತ್ತವೆ. ಇದು ತಾಳ್ಮೆಯ, ಪರಿಣತಿಯ, ಗಂಟೆಗಟ್ಟಲೆ ಹಿಡಿಯುವ ಕೆಲಸ. ಚೆಸ್ಕಿಯ ಕೂದಲು ಉದ್ದ, ನವಿರು, ಸ್ವಲ್ಪ ಅಲೆಯಲೆ, ರೇಷ್ಮೆಯ ಹೊಳಪಿನದು. ಇದಕ್ಕೆ ಕ್ಲಿಪ್ಪರ್ ಯಂತ್ರ ಸಾಕು. ನಾಯಿಯನ್ನು ಮೇಜಿನ ಮೇಲೆ ನಿಲ್ಲಿಸಿ ತಲೆಯ ಮೇಲ್ಭಾಗ, ಕೆನ್ನೆ, ಕುತ್ತಿಗೆ, ಬೆನ್ನು, ಬಾಲಗಳ ಕೂದಲನ್ನು ಗಿಡ್ಡವಾಗಿ ತೆಗೆಯುತ್ತಾರೆ. ಹುಬ್ಬಿನದನ್ನೂ ಮೂತಿಯದನ್ನೂ ಮುಟ್ಟುವುದಿಲ್ಲ. ಎದೆಯ ಕೆಳಗೆ, ಹೊಟ್ಟೆಯ ಪಕ್ಕ, ಕಾಲುಗಳ ಮೇಲೆ ಇಳಿಬಿದ್ದ ಕೂದಲನ್ನೂ ಹಾಗೆಯೇ ಬಿಡುತ್ತಾರೆ. ಬೆನ್ನಿನ ಗಿಡ್ಡ ಕೂದಲಿಗೂ ಪಕ್ಕೆಯ ಉದ್ದ ಕೂದಲಿಗೂ ನಡುವೆ ಗೆರೆ ಎಳೆದಂತೆ ಕಾಣಬಾರದು, ಒಂದರಲ್ಲಿ ಒಂದು ಕರಗಿದಂತೆ ಇರಬೇಕು. ಕೈ ಪಳಗದವರು ಸೋಲುವುದು ಇಲ್ಲಿಯೇ. ಕೆಲಸ ಮುಗಿದಾಗ ಮೇಜಿನ ಮೇಲೆ ದಟ್ಟ ಹುಬ್ಬು, ಉದ್ದ ಗಡ್ಡದ ಒಬ್ಬ ಹಿರಿಯರು ನಿಂತು ನಮ್ಮನ್ನು ವಿಚಾರಿಸಿಕೊಳ್ಳುವಂತೆ ನೋಡುತ್ತಿರುತ್ತಾರೆ. ಆ ಗಡ್ಡ ನೀರು ಕುಡಿದಾಗಲೆಲ್ಲ ಒದ್ದೆಯಾಗಿ ಮನೆಯ ನೆಲಕ್ಕೆ ತೊಟ್ಟಿಕ್ಕುತ್ತದೆ ಎಂಬುದನ್ನು ಸಾಕುವವರು ಮೊದಲೇ ತಿಳಿದಿರಬೇಕು.

ಬಣ್ಣದ ಕಥೆಯೂ ಸೊಗಸಾಗಿದೆ. ಸಾಮಾನ್ಯವಾಗಿ ಕಪ್ಪಗಿರುವ ಒಂದು ತಳಿಗೂ ಬಿಳಿಯ ಇನ್ನೊಂದು ತಳಿಗೂ ಹುಟ್ಟಿದ ವಂಶ ಬೂದುಬಣ್ಣದ್ದಾಯಿತು ಎಂದರೆ ಬಣ್ಣದ ಡಬ್ಬಿಯಲ್ಲಿ ಎರಡನ್ನೂ ಕಲಸಿದ ಹಾಗೆ ಎನಿಸಬಹುದು. ಅನುವಂಶೀಯತೆ ಹಾಗೆ ಕೆಲಸ ಮಾಡುವುದಿಲ್ಲ. ಮರಿಗಳು ಕಪ್ಪಗೆಯೇ ಹುಟ್ಟುತ್ತವೆ, ಅವುಗಳಲ್ಲಿರುವ ಕೂದಲು ಬಿಳಿಚುವ ಗುಣ ಎರಡು ಮೂರು ವರ್ಷಗಳ ಅವಧಿಯಲ್ಲಿ ನಿಧಾನವಾಗಿ ಪ್ರಕಟವಾಗಿ ಕಡುಬೂದಿನಿಂದ ತಿಳಿಬೂದಿನವರೆಗಿನ ಛಾಯೆಗಳನ್ನು ಕೊಡುತ್ತದೆ. ತಿಳಿಕಾಫಿ ಬಣ್ಣಕ್ಕೂ ಲಕ್ಷಣಪತ್ರದಲ್ಲಿ ಅವಕಾಶವಿದೆ, ಅಂಥವು ಹುಟ್ಟುವಾಗ ಚಾಕಲೇಟ್ ಬಣ್ಣದಲ್ಲಿರುತ್ತವೆ, ಆದರೆ ಅವು ವಿರಳ.

ಸ್ವಭಾವದ ಮಟ್ಟಿಗೆ ಹೊರಾಕ್ ಅವರ ಆಸೆ ಬಹುಪಾಲು ಕೈಗೂಡಿದೆ. ಶಾಂತ, ಹಸನ್ಮುಖಿ, ಕಲಿಸಿದ್ದನ್ನು ಕಲಿಯುವ, ಅಪರಿಚಿತರ ಮುಂದೆ ತುಸು ಸಂಕೋಚದ ನಾಯಿ ಎಂದು ಇದನ್ನು ವರ್ಣಿಸುತ್ತಾರೆ. ಬೇರೆ ನಾಯಿಗಳ ಜೊತೆಗೂಡಿ ಬೇಟೆಯಾಡಬಲ್ಲದು. ಟೆರಿಯರ್‌ಗಳ ಪ್ರಪಂಚದಲ್ಲಿ ಇದು ಸಣ್ಣ ಸಾಧನೆಯಲ್ಲ. ಹಾಗೆಂದು ಇದು ಟೆರಿಯರ್ ಅಲ್ಲವೆಂದು ಯಾರೂ ತಿಳಿಯಬಾರದು. ಅಳಿಲು ಕಂಡರೆ ಅದರ ಸಂಕೋಚ ಮಾಯವಾಗುತ್ತದೆ, ಕಿವಿ ಕೇಳುವುದೂ ಅದರೊಡನೆಯೇ ನಿಂತುಹೋಗುತ್ತದೆ. ಅಡುಗೆಮನೆಯ ಮೇಲೆ ಅದಕ್ಕಿರುವ ನಿಷ್ಠೆ ದೊಡ್ಡದು, ಆದ್ದರಿಂದ ಊಟ ಅಳತೆ ಮಾಡಿ ಹಾಕದಿದ್ದರೆ ಬಹಳ ಬೇಗ 10 ಕಿಲೋದ ಗೆರೆ ದಾಟುತ್ತದೆ. ಉದ್ದ ಬೆನ್ನಿನ ನಾಯಿಗೆ ಬೊಜ್ಜು ಬಂದರೆ ಅದರ ಭಾರ ಬೀಳುವುದು ಬೆನ್ನುಮೂಳೆಯ ಮೇಲೆ.

ಇದನ್ನು ನಮ್ಮಲ್ಲಿ ಸಾಕಬಹುದೇ ಎಂದು ಸಭೆಯಲ್ಲಿ ಕೇಳಿದರು. ಬೆಂಗಳೂರಿನ, ಮಡಿಕೇರಿಯ ಹವೆಯನ್ನು ಅದು ತಾಳಿಕೊಂಡೀತು, ಕಲಬುರಗಿಯ ಬೇಸಿಗೆಯಲ್ಲಿ ಆ ಕೂದಲಿನೊಡನೆ ಅದನ್ನು ಇರಿಸುವುದು ಹಿಂಸೆ. ಕೇಂದ್ರ ಸರ್ಕಾರ 2016ರಲ್ಲೇ ವ್ಯಾಪಾರಕ್ಕಾಗಿ ತಳಿ ಬೆಳೆಸಲು ವಿದೇಶದಿಂದ ನಾಯಿ ತರುವುದಕ್ಕೆ ನಿರ್ಬಂಧ ಹೇರಿತು, ಆ ನಿರ್ಬಂಧ ನನಗೆ ಸರಿಯೆಂದೇ ಕಾಣುತ್ತದೆ. ದೂರದಲ್ಲಿರುವ ಒಂದು ಜೀವವನ್ನು ಪ್ರೀತಿಸಲು, ಅದರ ಬಗ್ಗೆ ತಿಳಿಯಲು, ಅದನ್ನು ಮನೆಗೆ ತರಲೇಬೇಕೆಂಬ ನಿಯಮವೇನಿಲ್ಲ.

ಕೊನೆಯದಾಗಿ ಒಂದು ಗಂಭೀರ ವಿಷಯ. ಬೆರಳೆಣಿಕೆಯ ನಾಯಿಗಳಿಂದ ಆರಂಭವಾದ ತಳಿಗೆ ರಕ್ತಸಂಬಂಧದಲ್ಲೇ ಕೂಡಿಕೆ ನಡೆಯುವ ಅಪಾಯ ಹುಟ್ಟಿನಿಂದಲೇ ಇರುತ್ತದೆ. ಸ್ಕಾಟಿ ಕ್ರ್ಯಾಂಪ್ ಎಂಬ ಅನುವಂಶೀಯ ತೊಂದರೆಯಿದೆ. ನಾಯಿ ಉತ್ಸಾಹದಿಂದ ಓಡುವಾಗ ಸ್ನಾಯುಗಳು ಬಿಗಿದುಕೊಂಡು, ಬೆನ್ನು ಕಮಾನಾಗಿ, ಹಿಂಗಾಲುಗಳು ಮಾತು ಕೇಳದೆ ಮುಗ್ಗರಿಸುತ್ತವೆ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸರಿಹೋಗುತ್ತದೆ. ಇದು ಸ್ಕಾಟಿಷ್ ತಾಯಿಯ ಕಡೆಯಿಂದ ಬಂದ ಆಸ್ತಿ, ಚೆಸ್ಕಿಯಲ್ಲೂ ಕಾಣಿಸಿಕೊಂಡಿದೆ. 1980ರ ದಶಕದಲ್ಲಿ, ತಮ್ಮ ತಳಿಗೆ ಮಾನ್ಯತೆ ಸಿಕ್ಕು ಎರಡು ದಶಕ ಕಳೆದ ಮೇಲೆ, ಹೊರಾಕ್ ಅಂತರರಾಷ್ಟ್ರೀಯ ಒಕ್ಕೂಟದ ಅನುಮತಿ ಪಡೆದು ಮತ್ತೊಮ್ಮೆ ಸೀಲಿಹ್ಯಾಮ್ ರಕ್ತವನ್ನು ಸೇರಿಸಿದರು. ತಾವು ಕಟ್ಟಿದ ತಳಿಯ ಬಾಗಿಲನ್ನು ತಾವೇ ತೆರೆದರು. ಜಗತ್ತಿನ ಎಷ್ಟೋ ತಳಿಸಂಘಗಳು ಇಂದಿಗೂ ಶುದ್ಧತೆಯ ಹೆಸರಿನಲ್ಲಿ ಈ ಹೆಜ್ಜೆಗೆ ಹೆದರುತ್ತವೆ. ಕಟ್ಟಿದವರೇ ಹೆದರಲಿಲ್ಲ ಎಂಬುದನ್ನು ಆ ಸಂಘಗಳ ಮುಂದೆ ಗಟ್ಟಿಯಾಗಿ ಹೇಳಬೇಕು.

ಹೊರಾಕ್ 1997ರಲ್ಲಿ ತೀರಿಕೊಂಡರು. ಅವರು ಹೊಸ ರಕ್ತಕ್ಕಾಗಿ ಮರಳಿ ಹೋದ ಸೀಲಿಹ್ಯಾಮ್ ತಳಿಯೇ ಈಗ ತನ್ನ ತವರಿನಲ್ಲಿ ಕಷ್ಟದಲ್ಲಿದೆ. ಬ್ರಿಟನ್ನಿನ ಕೆನಲ್ ಕ್ಲಬ್ ವರ್ಷಕ್ಕೆ 300ಕ್ಕಿಂತ ಕಡಿಮೆ ಮರಿಗಳು ನೋಂದಣಿಯಾಗುವ ದೇಶೀ ತಳಿಗಳ ಒಂದು ಪಟ್ಟಿ ಇಟ್ಟಿದೆ, ಸೀಲಿಹ್ಯಾಮ್ ಅದರಲ್ಲಿ ಸೇರಿದೆ. ಚೆಸ್ಕಿ ಟೆರಿಯರ್‌ಗೆ ಮುಂದೆ ಮತ್ತೊಮ್ಮೆ ಹೊಸ ರಕ್ತ ಬೇಕಾದಾಗ ಅದು ಎಲ್ಲಿಂದ ಬರಬೇಕು ಎಂಬುದನ್ನು ಎರಡೂ ತಳಿಗಳ ಸಾಕಣೆದಾರರು ಒಟ್ಟಿಗೆ ಕುಳಿತು, ಈಗಲೇ ಯೋಚಿಸಬೇಕಾಗಿದೆ.